ಸರ್ಫ್ ಬ್ಯಾಂಡಿನ ಎದುರು ನಿಂತಾಗ: ಆ ಒದ್ದೆ ಸದ್ದು ಎಲ್ಲಿಂದ ಬರುತ್ತದೆ?

ಸರ್ಫಿಂಗ್ ಅಂದರೆ ಹಲಗೆಯ ಮೇಲೆ ನಿಂತು ಸಮುದ್ರದ ಅಲೆ ಸವಾರಿ ಮಾಡುವ ಆಟ. ಅದರ ಸುತ್ತ 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹುಟ್ಟಿದ ಗಿಟಾರ್ ಸಂಗೀತವೇ ಸರ್ಫ್. ಇಂಥ ಬ್ಯಾಂಡಿನ ವೇದಿಕೆ ನೋಡಿದ ಕೂಡಲೇ ಒಂದು ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ಹಾಡುವವರು ಯಾರೂ ಇಲ್ಲ. ಒಂದು ಕಡೆ ಮೈಕ್ ಇರಬಹುದು, ಅದು ಮುಂದಿನ ಟ್ಯೂನಿನ ಹೆಸರು ಹೇಳುವುದಕ್ಕೆ ಮಾತ್ರ. ಇಬ್ಬರ ಕೈಯಲ್ಲಿ ಗಿಟಾರ್, ಒಬ್ಬರ ಕೈಯಲ್ಲಿ ಬೇಸ್, ಹಿಂದೆ ಡ್ರಮ್ಸ್. ಕೆಲವು ಬ್ಯಾಂಡ್‌ಗಳಲ್ಲಿ ಸ್ಯಾಕ್ಸೋಫೋನೋ ಆರ್ಗನ್ನೋ ಜೊತೆಗಿರುತ್ತದೆ. ಅಷ್ಟೇ.

ಡ್ರಮ್ಮರ್ ಕೋಲು ತಟ್ಟಿ ಲೆಕ್ಕ ಹಾಕುತ್ತಾರೆ. ಗಿಟಾರಿನ ದಪ್ಪ ತಂತಿಯ ಮೇಲೆ ಯಾರದೋ ಬೆರಳು ಮೇಲಿಂದ ಕೆಳಕ್ಕೆ ಸರ್ರನೆ ಜಾರುತ್ತದೆ. ಅಲೆ ಒಡೆದು ಬಿದ್ದಂತೆ ಒಂದು ಸದ್ದು. ಅದರ ಹಿಂದೆಯೇ ಒಂದೊಂದು ಸ್ವರಕ್ಕೂ ಒಂದು ವಿಚಿತ್ರ ಬಾಲ ಅಂಟಿಕೊಂಡು ಬರುತ್ತದೆ. ತಗಡಿನ ಕೊಳಾಯಿಯೊಳಗೆ ನೀರು ತೊಟ್ಟಿಕ್ಕಿದ ಹಾಗೆ. ಇದನ್ನು ನುಡಿಸುವವರು ಆ ಬಾಲವನ್ನು ‘ಡ್ರಿಪ್’ ಅಂತಲೇ ಕರೆಯುತ್ತಾರೆ. ಸದ್ದು ‘ಒದ್ದೆಯಾಗಿರಬೇಕು’ ಅನ್ನುವುದು ಅವರ ನಡುವಿನ ಮಾತು.

ರೆಕಾರ್ಡಿಂಗ್ ಕೇಳುವಾಗ ಇದು ಸ್ಟುಡಿಯೋದಲ್ಲಿ ಆಮೇಲೆ ಬಳಿದ ಬಣ್ಣ ಅನ್ನಿಸುತ್ತದೆ. ಎದುರು ನಿಂತು ನೋಡಿದರೆ ಕಥೆಯೇ ಬೇರೆ. ಒಂದು ಡಬ್ಬದಲ್ಲಿ ಎರಡು ಸ್ಪ್ರಿಂಗ್, ಗಿಟಾರಿಗೆ ಸಿಕ್ಕಿಸಿದ ಒಂದು ಲೋಹದ ಕಡ್ಡಿ, ದಪ್ಪ ತಂತಿಗಳು, ಒಂದು ಬಲಿಷ್ಠ ಮಣಿಕಟ್ಟು. ಇವು ನಾಲ್ಕೂ ನಿಮ್ಮ ಕಣ್ಣೆದುರೇ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಸರ್ಫ್ ಸಂಗೀತವನ್ನು ಕೇಳಿದರೆ ಅರ್ಧ, ನೋಡಿದರೆ ಪೂರ್ತಿ ಅಂತ ನನ್ನ ವಾದ.

ಮೊದಲು ಆ ಡಬ್ಬ. ಗಿಟಾರಿನ ಸದ್ದನ್ನು ಜೋರು ಮಾಡುವ ಆಂಪ್ಲಿಫೈಯರ್ (ಆಂಪ್) ಮೇಲೆ ಚಿಕ್ಕ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ ಕೂತಿರುತ್ತದೆ, ಮುಂದೆ ಮೂರೇ ಮೂರು ಗುಂಡಿ. ಇದು ಸ್ಪ್ರಿಂಗ್ ರಿವರ್ಬ್, ಅಂದರೆ ಸ್ಪ್ರಿಂಗ್‌ನಿಂದ ಪ್ರತಿಧ್ವನಿ ಹುಟ್ಟಿಸುವ ಯಂತ್ರ. ಗಿಟಾರ್, ಆಂಪ್ ಮಾಡುವ ಫೆಂಡರ್ ಕಂಪನಿ 1961ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಒಳಗಿನ ಸ್ಪ್ರಿಂಗ್ ತಂತ್ರ ಮಾತ್ರ ಹ್ಯಾಮಂಡ್ ಆರ್ಗನ್ ಕಂಪನಿಯದು. ಅದಕ್ಕೂ ಹಿಂದಿನ ಬೇರು ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿದೆ: ದೂರದ ಊರಿಗೆ ಫೋನ್ ಮಾಡಿದಾಗ ಮಾತು ತಡವಾಗಿ ತಲುಪುತ್ತದಲ್ಲ, ಆ ತಡವನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಲು ಅಲ್ಲಿ ಸ್ಪ್ರಿಂಗ್ ಬಳಸುತ್ತಿದ್ದರು. ಫೋನಿನವರ ಸ್ಪ್ರಿಂಗ್ ಆರ್ಗನ್‌ಗೆ ಹೋಗಿ, ಆರ್ಗನ್‌ನಿಂದ ಗಿಟಾರಿಗೆ ಬಂತು.

ಕೆಲಸ ಮಾಡುವ ಬಗೆ ಸರಳ. ಗಿಟಾರಿನಿಂದ ಬಂದ ವಿದ್ಯುತ್ ಸಂಕೇತ ಒಂದು ಸುರುಳಿಯ ಮೂಲಕ ಹರಿಯುತ್ತದೆ. ಅದರ ಪಕ್ಕ, ಸ್ಪ್ರಿಂಗ್ ತುದಿಗೆ ಕೂರಿಸಿದ ಪುಟ್ಟ ಅಯಸ್ಕಾಂತ ಇದೆ. ಸಂಕೇತ ಏರಿಳಿದಂತೆ ಅಯಸ್ಕಾಂತ ತಿರುಚಿಕೊಳ್ಳುತ್ತದೆ, ಜೊತೆಗೆ ಸ್ಪ್ರಿಂಗ್ ಕೂಡ. ಆ ತಿರುಚು ಸ್ಪ್ರಿಂಗ್ ಉದ್ದಕ್ಕೂ ಓಡಿ ಇನ್ನೊಂದು ತುದಿ ಮುಟ್ಟುತ್ತದೆ. ಅಲ್ಲಿ ಇನ್ನೊಂದು ಅಯಸ್ಕಾಂತ, ಇನ್ನೊಂದು ಸುರುಳಿ. ಅದು ಅಲುಗಾಟವನ್ನು ಮತ್ತೆ ವಿದ್ಯುತ್ತಾಗಿಸಿ ಆಂಪ್‌ಗೆ ಕಳಿಸುತ್ತದೆ. ಆದರೆ ಅಲೆ ಅಲ್ಲಿಗೇ ನಿಲ್ಲುವುದಿಲ್ಲ. ತುದಿಗೆ ಬಡಿದು ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ, ಸೋತು ಸುಮ್ಮನಾಗುವ ತನಕ. ಒಂದು ಸಲ ದಾಟಲು ಬೇಕಾದ ಹೊತ್ತು ಸುಮಾರು 30ರಿಂದ 40 ಮಿಲಿಸೆಕೆಂಡ್. ಗಾಳಿಯಲ್ಲಾದರೆ ಸದ್ದು ಅಷ್ಟು ಹೊತ್ತಿಗೆ ಹತ್ತು ಹನ್ನೆರಡು ಮೀಟರ್ ಹೋಗಿರುತ್ತದೆ. ಅಂದರೆ ಐದಾರು ಮೀಟರ್ ಆಚೆಯ ಗೋಡೆಗೆ ಬಡಿದು ವಾಪಸ್ ಬಂದ ಹಾಗೆ. ಒಂದು ದೊಡ್ಡ ಕೋಣೆಯನ್ನೇ ಮಡಿಚಿ ಡಬ್ಬಕ್ಕೆ ಹಾಕಿದ್ದಾರೆ ಅನ್ನಿ.

ಹಾಗಿದ್ದರೆ ಅದು ಕೋಣೆಯ ಹಾಗೆ ಯಾಕೆ ಕೇಳಿಸುವುದಿಲ್ಲ? ನೀರು ಹನಿದಂತೆ ಯಾಕೆ? ಉತ್ತರ ಸ್ಪ್ರಿಂಗಿನ ಒಂದು ದೋಷದಲ್ಲಿದೆ. ಗಾಳಿಯಲ್ಲಿ ತಗ್ಗು ದನಿಯೂ ಏರು ದನಿಯೂ ಒಂದೇ ವೇಗದಲ್ಲಿ ಹೋಗುತ್ತವೆ. ಸ್ಪ್ರಿಂಗ್ ಒಳಗೆ ಹಾಗಲ್ಲ. ತಗ್ಗು ದನಿ ಮೊದಲು ತಲುಪುತ್ತದೆ, ಏರು ದನಿ ಸ್ವಲ್ಪ ಹಿಂದೆ ಬೀಳುತ್ತದೆ. ನೀವು ‘ಟಕ್’ ಅಂತ ಒಂದು ಚುರುಕು ಪೆಟ್ಟು ಕೊಟ್ಟರೆ, ಆ ಕಡೆ ಬರುವುದು ‘ಟಕ್’ ಅಲ್ಲ, ಕೆಳಗಿಂದ ಮೇಲಕ್ಕೆ ಎಳೆದುಕೊಂಡ ‘ಟೊಯ್ಂಕ್’. ಪ್ರತಿ ಸುತ್ತಿಗೂ ಅದು ಇನ್ನಷ್ಟು ಎಳೆದುಕೊಳ್ಳುತ್ತದೆ. ನಮ್ಮ ಕಿವಿ ಅದನ್ನು ಹನಿ ಅಂತ ಅರ್ಥ ಮಾಡಿಕೊಳ್ಳುತ್ತದೆ. ಎಂಜಿನಿಯರ್ ಕಣ್ಣಿಗೆ ಇದು ಲೋಪ, ಸರ್ಫ್ ನುಡಿಸುವವರಿಗೆ ಇದೇ ಬಂಡವಾಳ.

ಚುರುಕು ಪೆಟ್ಟು ಬೇಕು ಅನ್ನುವುದು ಮುಖ್ಯ. ಮೆಲ್ಲಗೆ ಸವರಿದ ಸ್ವರಕ್ಕೆ ಡ್ರಿಪ್ ಹುಟ್ಟುವುದೇ ಇಲ್ಲ. ಅದಕ್ಕೇ ಗಿಟಾರ್ ನುಡಿಸುವವರ ಬಲಗೈ ನೋಡಿ. ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ಒತ್ತಿಕೊಂಡು, ಪಿಕ್‌ನಿಂದ (ತಂತಿ ಮೀಟುವ ಚಿಕ್ಕ ಬಿಲ್ಲೆ) ಗಟ್ಟಿಯಾಗಿ ಕುಟ್ಟುತ್ತಾರೆ. ಅಂಗೈ ತಂತಿಯ ಉದ್ದನೆಯ ಮೊಳಗನ್ನು ತಡೆಯುತ್ತದೆ. ಮೊದಲ ಪೆಟ್ಟು ಮಾತ್ರ ಸ್ಪ್ರಿಂಗಿಗೆ ಹೋಗುತ್ತದೆ. ತಂತಿ ಸುಮ್ಮನಾದ ಮೇಲೂ ಸ್ಪ್ರಿಂಗ್ ಮಾತಾಡುತ್ತಿರುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಇಡೀ ಕಾರ್ಯಕ್ರಮ ಬೇರೆಯಾಗಿ ಕೇಳಿಸುತ್ತದೆ.

ಮೂರು ಗುಂಡಿಗಳಲ್ಲಿ ಒಂದರ ಹೆಸರು ಡ್ವೆಲ್. ಸ್ಪ್ರಿಂಗನ್ನು ಎಷ್ಟು ಜೋರಾಗಿ ಅಲುಗಾಡಿಸಬೇಕು ಅನ್ನುವುದು ಅದರ ಕೈಯಲ್ಲಿದೆ. ಮಿಕ್ಸರ್ ಅನ್ನುವುದು ಒಣ ಸದ್ದಿಗೆ ಎಷ್ಟು ಒದ್ದೆ ಸದ್ದು ಬೆರೆಯಬೇಕು ಅನ್ನುವುದನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಟೋನ್. ಎರಡು ಟ್ಯೂನ್‌ಗಳ ನಡುವೆ ಗಿಟಾರಿಸ್ಟ್ ಹಿಂದೆ ತಿರುಗಿ ಏನೋ ತಿರುಗಿಸಿದರೆ ಸಾಮಾನ್ಯವಾಗಿ ಇದೇ. 1963ರಿಂದ ಫೆಂಡರ್ ಆಂಪ್‌ಗಳ ಒಳಗೇ ರಿವರ್ಬ್ ಬರತೊಡಗಿತು. ಆದರೂ ಸರ್ಫ್ ಮಂದಿ ಬೇರೆ ಡಬ್ಬವನ್ನು ಹೊತ್ತು ತಿರುಗುವುದು ಬಿಡಲಿಲ್ಲ. ಕಾರಣ ಇದೆ. ಬೇರೆ ಡಬ್ಬ ಗಿಟಾರ್ ಮತ್ತು ಆಂಪ್ ನಡುವೆ ಕೂರುತ್ತದೆ. ಹಾಗಾಗಿ ಸ್ಪ್ರಿಂಗಿನ ಸದ್ದು ಆಂಪಿನ ಮೊದಲ ಹಂತದಿಂದಲೇ, ಗಿಟಾರಿನ ಸದ್ದಿನಷ್ಟೇ ಹಕ್ಕಿನಿಂದ ಒಳಗೆ ಹೋಗುತ್ತದೆ. ಆಂಪಿನೊಳಗಿನ ರಿವರ್ಬ್ ಹಿಂದೆ ಎಲ್ಲೋ ಮಂಜಿನ ಹಾಗೆ ಕವಿದಿರುತ್ತದೆ. ಬೇರೆ ಡಬ್ಬದ್ದು ಮುಖಕ್ಕೇ ಎರಚುತ್ತದೆ.

ಇಲ್ಲೊಂದು ತಮಾಷೆ ಹೇಳಬೇಕು. ಸ್ಪ್ರಿಂಗ್ ನಿಜವಾದ ಸ್ಪ್ರಿಂಗ್ ಆದ್ದರಿಂದ, ಡಬ್ಬಕ್ಕೆ ಏಟು ಬಿದ್ದರೂ ಅದು ಸದ್ದು ಮಾಡುತ್ತದೆ. ಸಣ್ಣ ಸದ್ದಲ್ಲ. ಸಿಡಿಲು ಬಡಿದಂತೆ ‘ಢಣಾರ್’ ಅನ್ನುತ್ತದೆ. ಮೊದಲ ಸಲ ಕೇಳಿದಾಗ ಆಂಪ್ ಸುಟ್ಟೇ ಹೋಯಿತು ಅಂದುಕೊಂಡಿದ್ದೆ. ವೇದಿಕೆಯ ಮೇಲಿದ್ದವರು ನಗುತ್ತಿದ್ದರು. ಅವರೇ ಬೇಕಂತ ಒದ್ದಿದ್ದರು! ಟ್ಯೂನಿನ ಕೊನೆಯಲ್ಲಿ ಡಬ್ಬವನ್ನು ಎತ್ತಿ ಕುಕ್ಕುವವರೂ ಇದ್ದಾರೆ. ಮರದ ವೇದಿಕೆ ಅಲುಗಾಡುವಂಥದ್ದಾದರೆ ಯಾರೂ ಒದೆಯದೆಯೇ ಗುಡುಗು ಬರುತ್ತದೆ, ಡ್ರಮ್ಮರ್ ಕಾಲು ಜೋರಾದರೂ ಸಾಕು. ಅದಕ್ಕೇ ಕೆಲವರು ಡಬ್ಬದ ಕೆಳಗೆ ದಪ್ಪ ಸ್ಪಂಜು ಇಡುತ್ತಾರೆ. ಕಂಪ್ಯೂಟರಿನಲ್ಲಿ ಸ್ಪ್ರಿಂಗನ್ನು ಅನುಕರಿಸುವ ಪೆಡಲ್‌ಗಳು ಈಗ ಬೇಕಾದಷ್ಟಿವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಅವುಗಳನ್ನು ಒದ್ದರೆ ಮಾತ್ರ ಏನೂ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರು. ಸರ್ಫ್ ಗಿಟಾರಿನ ರಾಜ ಅಂತ ಹೆಸರಾದ ಡಿಕ್ ಡೇಲ್ ಈ ಸ್ಪ್ರಿಂಗ್ ಪುರಾಣವನ್ನು ಒಪ್ಪುತ್ತಿರಲಿಲ್ಲ. 1961ರಲ್ಲಿ ಬಂದ ಅವರ ‘ಲೆಟ್ಸ್ ಗೋ ಟ್ರಿಪ್ಪಿನ್’ ಸರ್ಫ್ ವಾದ್ಯಸಂಗೀತದ ಮೊದಲ ರೆಕಾರ್ಡ್ ಅಂತ ಬಹಳ ಜನ ಹೇಳುತ್ತಾರೆ. ಅದನ್ನು ಕೇಳಿ ನೋಡಿ, ಆ ಒದ್ದೆ ಸದ್ದು ಅದರಲ್ಲಿ ಇಲ್ಲವೇ ಇಲ್ಲ. ಡೇಲ್ ಪ್ರಕಾರ ಸರ್ಫ್ ಅಂದರೆ ಮೀಟುವ ರೀತಿ. ಅಲೆಯ ಮೇಲೆ ನಿಂತಾಗ ಮೈಗೆ ಆಗುವ ಒತ್ತಡ, ಕಿವಿಯಲ್ಲಿ ಮೊರೆಯುವ ನೀರು, ಇದನ್ನು ದಪ್ಪ ತಂತಿಯ ಮೇಲೆ ಎಡೆಬಿಡದೆ ಮೀಟಿ ತರಬೇಕು ಅನ್ನುವುದು ಅವರ ಹಟ. ಅವರು ಸ್ವತಃ ಸರ್ಫರ್ ಆಗಿದ್ದರು.

ನಡೆದದ್ದೆಲ್ಲ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ನ್ಯೂಪೋರ್ಟ್ ಬೀಚಿನ ಬಾಲ್ಬೋವಾದಲ್ಲಿ ರಾಂಡೆವೂ ಬಾಲ್‌ರೂಮ್ ಅನ್ನುವ ದೊಡ್ಡ ನೃತ್ಯಮಂದಿರ ಇತ್ತು. 1961ರ ಹೊತ್ತಿಗೆ ಡೇಲ್ ಅಲ್ಲಿ ನುಡಿಸಲು ಶುರು ಮಾಡಿದರು, ಜನ ಸಾವಿರಗಟ್ಟಲೆ ಸೇರತೊಡಗಿದರು. ಹುಡುಗರು ನೆಲವನ್ನು ಕಾಲಿನಿಂದ ಕುಟ್ಟಿ ಕುಣಿಯುತ್ತಿದ್ದರು, ಆ ಕುಣಿತಕ್ಕೆ ‘ಸ್ಟಾಂಪ್’ ಅಂತ ಹೆಸರು. ಅಷ್ಟು ಜನರ ಕಾಲ್ಸದ್ದಿನ ಮೇಲೆ ಗಿಟಾರ್ ಕೇಳಿಸಬೇಕಲ್ಲ? ಆಗಿನ ಆಂಪ್‌ಗಳು ಅಷ್ಟಕ್ಕೆ ಆಗಿ ಬರಲಿಲ್ಲ. ಡೇಲ್ ಒಂದಾದ ಮೇಲೊಂದು ಆಂಪ್ ಸುಟ್ಟು ಹಾಕಿ ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಲಿಯೋಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಅನ್ನುವುದು ಈ ಕಥೆಯ ಸೊಗಸು. ಆದರೆ ಕೇಳಿಸಿಕೊಳ್ಳಲು ಬರುತ್ತಿತ್ತು. ಕೊನೆಗೆ ಹುಟ್ಟಿದ್ದು ಶೋಮನ್ ಅನ್ನುವ ಆಂಪ್, ಜೊತೆಗೆ 15 ಇಂಚಿನ ಜೆಬಿಎಲ್ ಸ್ಪೀಕರ್.

ಬರೀ ಜೋರು ಸಾಲದು, ಜೋರಾಗಿದ್ದೂ ಒಡೆಯದ ಸದ್ದು ಬೇಕಿತ್ತು. ಸಾಮಾನ್ಯ ರಾಕ್ ಗಿಟಾರಿನಲ್ಲಿ ಆಂಪನ್ನು ಮಿತಿ ಮೀರಿ ತಳ್ಳಿ ಗರಗರ ಅನ್ನಿಸುತ್ತಾರೆ, ಅದೇ ಅದರ ಚೆಂದ. ಸರ್ಫ್‌ಗೆ ಅದು ಹೊಂದುವುದಿಲ್ಲ. ಗರಗರ ಸೇರಿದರೆ ಹನಿಗಳೆಲ್ಲ ಕಲಸಿ ಕೆಸರಾಗುತ್ತದೆ. ಹಾಗಾಗಿ ಆಂಪಿಗೆ ತಾಕತ್ತು ಜಾಸ್ತಿ ಇರಬೇಕು, ಆದರೆ ಅದರ ಬೆವರು ಕೇಳಿಸಬಾರದು.

ಡೇಲ್ ಎಡಗೈಯವರು. ಬಲಗೈಯವರ ಗಿಟಾರನ್ನೇ ತಲೆಕೆಳಗಾಗಿ ಹಿಡಿದು ಕಲಿತರು. ಅದರಿಂದ ದಪ್ಪ ತಂತಿಗಳು ಕೆಳಗೆ, ಸಣ್ಣವು ಮೇಲೆ. ಕೊನೆಯವರೆಗೂ ತಂತಿಗಳನ್ನು ಹಾಗೆಯೇ ಇಟ್ಟುಕೊಂಡರು. ಅವರ ಅತಿ ಸಣ್ಣ ತಂತಿ ಸುಮಾರು 0.4 ಮಿಲಿಮೀಟರ್ ದಪ್ಪ. ಇವತ್ತು ಬಹಳ ಜನ ಬಳಸುವುದು ಸುಮಾರು 0.25. ಅತಿ ದಪ್ಪನೆಯದು ಒಂದೂವರೆ ಮಿಲಿಮೀಟರ್. ಅದರ ಮೇಲೆ ಪಿಕ್ಕನ್ನು ಮೇಲೆ ಕೆಳಗೆ, ಮೇಲೆ ಕೆಳಗೆ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ಒಂದು ಕಾರ್ಯಕ್ರಮದಲ್ಲಿ ಎಷ್ಟೋ ಪಿಕ್‌ಗಳು ಸವೆದು ಮೊಂಡಾಗುತ್ತಿದ್ದವು. ಈ ಮೀಟಿಗೆ ಪ್ರೇರಣೆ ಗಿಟಾರಿಸ್ಟ್ ಯಾರೂ ಅಲ್ಲ, ಜಾಸ್ ಡ್ರಮ್ಮರ್ ಜೀನ್ ಕ್ರೂಪಾ ಅಂತ ಡೇಲ್ ಹೇಳುತ್ತಿದ್ದರು. ನಂಬಬಹುದು. ಮೀಟುವ ಅವರ ಎಡಗೈಯಲ್ಲಿ ಇದ್ದದ್ದು ಗಿಟಾರಿಗಿಂತ ಜಾಸ್ತಿ ನಗಾರಿ.

ಇನ್ನೊಂದು ಬೇರು ಅವರ ಮನೆಯದು. ಅವರ ಹುಟ್ಟುಹೆಸರು ರಿಚರ್ಡ್ ಮನ್ಸೂರ್, ತಂದೆಯ ಕಡೆಯವರು ಲೆಬನಾನ್ ಮೂಲದವರು. ಮನೆಯಲ್ಲಿ ಊದ್ ಅನ್ನುವ ಅರಬ್ಬೀ ತಂತಿವಾದ್ಯ ಕೇಳಿಕೊಂಡೇ ಬೆಳೆದರು. 1962ರಲ್ಲಿ ಅವರು ನುಡಿಸಿದ ‘ಮಿಸಿರ್ಲೂ’ ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಹಾಡು. ಹೆಸರಿನ ಅರ್ಥ ಈಜಿಪ್ಟಿನ ಹುಡುಗಿ ಅಂತ. ಮೂಲದಲ್ಲಿ ನಿಧಾನದ ಹಾಡು. ಡೇಲ್ ಅದನ್ನು ಹೆಚ್ಚೂ ಕಡಿಮೆ ಒಂದೇ ತಂತಿಯ ಮೇಲೆ ಬಿರುಗಾಳಿ ವೇಗದಲ್ಲಿ ಓಡಿಸಿದರು.

ಈ ಟ್ಯೂನ್ ಕೇಳಿದಾಗ ಎಲ್ಲೋ ಪರಿಚಯ ಅನ್ನಿಸಿದರೆ ನಿಮ್ಮ ಕಿವಿ ಸುಳ್ಳು ಹೇಳುತ್ತಿಲ್ಲ. ಪಾಶ್ಚಾತ್ಯರು ಡಬಲ್ ಹಾರ್ಮೋನಿಕ್ ಅನ್ನುವ ಸ್ವರಶ್ರೇಣಿ ಇದರದ್ದು. ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಅಂದರೆ ಮಾಯಾಮಾಳವಗೌಳದ ಸ್ವರಗಳೇ! ಸರಳೆ ವರಸೆ ಕಲಿಯುವ ಮಕ್ಕಳು ಮೊದಲ ದಿನ ಬಾಯಿಪಾಠ ಮಾಡುವ ಅದೇ ಏಳು ಸ್ವರ. ಸ್ವರಗಳು ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಅಲ್ಲ, ನಡೆ ಬೇರೆ, ಗಮಕ ಬೇರೆ. ಆದರೂ ರಿಷಭದಿಂದ ಗಾಂಧಾರಕ್ಕೆ ಹಾರುವ ಆ ದೊಡ್ಡ ಜಿಗಿತ ಇದೆಯಲ್ಲ, ಅಲ್ಲಿ ಎರಡೂ ಒಂದೇ ಬಗೆಯಲ್ಲಿ ಮೈ ಜುಮ್ಮೆನ್ನಿಸುತ್ತವೆ.

ಗಮಕದ ಮಾತು ಬಂತು. ಸರ್ಫ್ ಗಿಟಾರಿನ ಇನ್ನೆರಡು ಪಟ್ಟುಗಳನ್ನು ಅದೇ ಕಿವಿಯಿಂದ ಕೇಳಬಹುದು. ಒಂದು, ಶುರುವಿನಲ್ಲಿ ಹೇಳಿದ ಜಾರುವಿಕೆ. ವೀಣೆಯವರು ಜಾರು ಅನ್ನುವುದಕ್ಕೆ ಹತ್ತಿರದ ಸಂಬಂಧಿ. ದಿ ಶಾಂಟೇಸ್ ಬ್ಯಾಂಡಿನ ‘ಪೈಪ್‌ಲೈನ್’ ಟ್ಯೂನಿನ ಆರಂಭ ಇದಕ್ಕೆ ಪಾಠದಂತಿದೆ. ಹವಾಯಿಯ ಹೆಸರಾಂತ ಅಲೆಯೊಂದರ ಹೆಸರನ್ನು ಹೈಸ್ಕೂಲ್ ಹುಡುಗರು ತಮ್ಮ ಟ್ಯೂನಿಗೆ ಇಟ್ಟರು, ಅದು 1963ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನ ಮುಟ್ಟಿತು. ಇನ್ನೊಂದು, ಗಿಟಾರಿನ ಬ್ರಿಡ್ಜ್‌ಗೆ (ತಂತಿಗಳು ಬುಡದಲ್ಲಿ ಕೂರುವ ಪಟ್ಟಿ) ಸಿಕ್ಕಿಸಿದ ಲೋಹದ ಕಡ್ಡಿ. ಸ್ವರ ಮೀಟಿದ ಮೇಲೆ ಅದನ್ನು ಕಿರುಬೆರಳಲ್ಲೋ ಅಂಗೈಯಲ್ಲೋ ಮೆಲ್ಲಗೆ ಅದುಮಿ ಬಿಟ್ಟರೆ ಎಲ್ಲಾ ತಂತಿಗಳೂ ಒಟ್ಟಿಗೆ ಸಡಿಲವಾಗಿ ಬಿಗಿಯಾಗುತ್ತವೆ. ಸ್ವರ ತೂಗುತ್ತದೆ. ದೋಣಿ ಅಲೆಯ ಮೇಲೆ ಎದ್ದು ಇಳಿದ ಹಾಗೆ. 1958ರ ಜಾಸ್‌ಮಾಸ್ಟರ್ ಮತ್ತು 1962ರ ಜಾಗ್ವಾರ್, ಈ ಎರಡು ಫೆಂಡರ್ ಗಿಟಾರ್‌ಗಳು ಸರ್ಫ್ ವೇದಿಕೆಯಲ್ಲಿ ಇಷ್ಟೊಂದು ಕಾಣಿಸುವುದಕ್ಕೆ ಅವುಗಳ ಕಡ್ಡಿಯ ನಯವೂ ಒಂದು ಕಾರಣ. ಜಾಸ್‌ಮಾಸ್ಟರ್ ಹೆಸರೇ ಹೇಳುವಂತೆ ಜಾಸ್‌ನವರಿಗೆ ಅಂತ ಮಾಡಿದ್ದು. ಅವರು ಕೊಳ್ಳಲಿಲ್ಲ, ಸರ್ಫ್ ಹುಡುಗರು ಎತ್ತಿಕೊಂಡರು.

ಈ ಕಡ್ಡಿಗೆ ಟ್ರೆಮೊಲೊ ಅಂತ ಹೆಸರು. ವೇಗವಾಗಿ ಮೇಲೆ ಕೆಳಗೆ ಮೀಟುವುದಕ್ಕೂ ಟ್ರೆಮೊಲೊ ಅಂತ ಹೆಸರು. ಸದ್ದನ್ನು ಜೋರು ಮೆಲ್ಲಗೆ ಜೋರು ಮೆಲ್ಲಗೆ ಮಾಡುವ ಆಂಪಿನ ಗುಂಡಿಯೂ ನಿಜಕ್ಕೂ ಟ್ರೆಮೊಲೊನೇ, ಆದರೆ ಅದರ ಮೇಲೆ ಫೆಂಡರ್‌ನವರು ವೈಬ್ರಾಟೊ ಅಂತ ಬರೆದಿದ್ದಾರೆ. ವೈಬ್ರಾಟೊ ಅನ್ನಬೇಕಾಗಿದ್ದದ್ದು ಸ್ವರವನ್ನೇ ತೂಗಿಸುವ ಕಡ್ಡಿಯನ್ನು! ಗಿಟಾರ್ ಜಗತ್ತು ಈ ಗೊಂದಲದ ಜೊತೆಗೇ ಸುಖವಾಗಿ ಬದುಕುತ್ತಿದೆ. ಯಾರಾದರೂ ಟ್ರೆಮೊಲೊ ಅಂದರೆ ಕೈ ಎತ್ತ ಹೋಗುತ್ತದೆ ನೋಡಿಕೊಳ್ಳಿ.

ಡ್ರಮ್ಸ್ ಬಗ್ಗೆ ಚಿಕ್ಕದಾಗಿ. ನಾಲ್ಕು ಎಣಿಕೆ. ಒಂದಕ್ಕೆ ಕಾಲಿನ ದೊಡ್ಡ ಡ್ರಮ್, ಎರಡಕ್ಕೆ ಮೇಲಿನ ಡ್ರಮ್ಮಿಗೆ ಜೋಡಿ ಪೆಟ್ಟು, ಮೂರಕ್ಕೆ ಮತ್ತೆ ಕಾಲು, ನಾಲ್ಕಕ್ಕೆ ಒಂಟಿ ಪೆಟ್ಟು. ಡುಂ ಟಕಟಕ ಡುಂ ಟಕ್. ಒಮ್ಮೆ ಹಿಡಿದರೆ ಬಿಡುವುದಿಲ್ಲ. ದಿ ಸರ್ಫಾರಿಸ್ ಬ್ಯಾಂಡಿನ 1963ರ ‘ವೈಪ್ ಔಟ್’ನಲ್ಲಿ ಡ್ರಮ್ಸ್‌ನದೇ ದರ್ಬಾರು. ರೆಕಾರ್ಡಿನ ಇನ್ನೊಂದು ಬದಿ ತುಂಬಿಸಲು ಸ್ಟುಡಿಯೋದಲ್ಲೇ ಗಡಿಬಿಡಿಯಲ್ಲಿ ಕಟ್ಟಿದ ಟ್ಯೂನ್ ಅದು, ಈಗ ಜನಕ್ಕೆ ನೆನಪಿರುವುದು ಅದೊಂದೇ. ನೇರ ಕಾರ್ಯಕ್ರಮದಲ್ಲಿ ಇದು ಬಂದರೆ ಡ್ರಮ್ಮರ್ ಮುಖ ನೋಡಿ. ಎರಡನೇ ಸುತ್ತಿಗೆ ನಗು ಮಾಯವಾಗಿರುತ್ತದೆ.

1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದದ್ದೇ ತಡ, ಹಾಡಿಲ್ಲದ ಗಿಟಾರ್ ಟ್ಯೂನ್‌ಗಳ ಕಾಲ ಹೆಚ್ಚೂ ಕಡಿಮೆ ಮುಗಿಯಿತು. ರಾಂಡೆವೂ 1966ರಲ್ಲಿ ಬೆಂಕಿಗೆ ಆಹುತಿಯಾಯಿತು. ಜಪಾನಿನಲ್ಲಿ ಮಾತ್ರ ದಿ ವೆಂಚರ್ಸ್ ಬ್ಯಾಂಡಿಂದಾಗಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಆಗಲೇ ಹತ್ತಿಕೊಂಡಿತ್ತು. 1994ರಲ್ಲಿ ‘ಪಲ್ಪ್ ಫಿಕ್ಷನ್’ ಸಿನಿಮಾದ ಶುರುವಿಗೆ ‘ಮಿಸಿರ್ಲೂ’ ಬಂದದ್ದೇ ಸರ್ಫ್ ಮತ್ತೆ ಜನರ ಬಾಯಿಗೆ ಬಂತು. ಅಲಬಾಮಾದ ‘ಮ್ಯಾನ್ ಆರ್ ಆಸ್ಟ್ರೋ-ಮ್ಯಾನ್?’ ಬ್ಯಾಂಡಿನವರು ಬಾಹ್ಯಾಕಾಶದ ವೇಷದಲ್ಲಿ, ನ್ಯಾಶ್‌ವಿಲ್‌ನ ‘ಲಾಸ್ ಸ್ಟ್ರೇಟ್‌ಜಾಕೆಟ್ಸ್’ ಬ್ಯಾಂಡಿನವರು ಮೆಕ್ಸಿಕೋ ಕುಸ್ತಿಪಟುಗಳ ಮುಖವಾಡದಲ್ಲಿ ನುಡಿಸಿದರು. ವೇಷ ಯಾಕೆ? ಹಾಡುವ ಮುಖ ಇಲ್ಲದ ವೇದಿಕೆಯಲ್ಲಿ ಕಣ್ಣಿಗೂ ಏನಾದರೂ ಬೇಕಲ್ವಾ? ಡೇಲ್ 2019ರಲ್ಲಿ ತೀರಿಕೊಂಡರು, 80 ದಾಟಿದ ಮೇಲೂ ವೇದಿಕೆ ಬಿಟ್ಟಿರಲಿಲ್ಲ.

ಇನ್ನು ಹೋದಾಗ ಎಲ್ಲಿ ನಿಲ್ಲಬೇಕು? ಚಿಕ್ಕ ಜಾಗಗಳಲ್ಲಿ ಗಿಟಾರಿನ ಸದ್ದು ಬಹುಪಾಲು ಆಂಪಿನಿಂದಲೇ ನೇರ ಬರುತ್ತದೆ. ಗಿಟಾರ್ ಸ್ಪೀಕರಿನ ಚೂಪು ಸದ್ದು ಟಾರ್ಚಿನ ಬೆಳಕಿನ ಹಾಗೆ, ಎದುರಿಗೆ ಇದ್ದವರಿಗೆ ಮಾತ್ರ ಬಡಿಯುತ್ತದೆ. ಒಂದೇ ಆಂಪಿನ ಮುಂದೆ ಅಂಟಿಕೊಂಡು ನಿಂತರೆ ಕಿವಿ ಹರಿಯುತ್ತದೆ, ಇನ್ನೊಂದು ಗಿಟಾರ್ ಕೇಳಿಸುವುದೇ ಇಲ್ಲ. ಎರಡು ಆಂಪ್‌ಗಳ ನಡುವೆ, ನಾಲ್ಕಾರು ಹೆಜ್ಜೆ ಹಿಂದೆ ನಿಲ್ಲಿ. ಆಗ ಒಬ್ಬರು ರಾಗ ಎಳೆಯುವಾಗ ಇನ್ನೊಬ್ಬರು ಅಂಗೈ ಒತ್ತಿ ಕುಟ್ಟುವ ಕುದುರೆ ಓಟ ಬೇರೆಬೇರೆಯಾಗಿ ಕೇಳಿಸುತ್ತದೆ. ಸರ್ಫ್‌ನ ಅರ್ಧ ಜೀವ ಆ ಎರಡನೇ ಗಿಟಾರಿನಲ್ಲಿದೆ, ಪಾಪ, ಯಾರೂ ಅದನ್ನು ನೋಡುವುದಿಲ್ಲ.

ಜಾಗದ ಮಾತು ಬಂದರೆ, ನನ್ನ ಓಟು ತಗ್ಗು ಸೂರಿನ, ಜನ ತುಂಬಿದ ಚಿಕ್ಕ ಕೋಣೆಗೆ. ಜನರ ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ, ಕೋಣೆ ಒಣಗಿರುತ್ತದೆ, ಸ್ಪ್ರಿಂಗಿನ ಹನಿ ಸ್ಪಷ್ಟವಾಗಿ ಬೀಳುತ್ತದೆ. ಕಲ್ಲು ಗಾಜಿನ ದೊಡ್ಡ ಹಾಲ್‌ನಲ್ಲಿ ಗೋಡೆಗಳ ಪ್ರತಿಧ್ವನಿ ಸ್ಪ್ರಿಂಗಿನ ಪ್ರತಿಧ್ವನಿಯ ಮೇಲೆ ಕವಿದು ಎಲ್ಲ ಕಲಸುಮೇಲೋಗರ.

ಕಿವಿಗೆ ಪ್ಲಗ್ ಒಯ್ಯಿರಿ. ಮುಜುಗರ ಬೇಡ, ವೇದಿಕೆಯ ಮೇಲಿನವರೂ ಹಾಕಿಕೊಂಡಿರುತ್ತಾರೆ. ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆ ನಿಯೋಶ್ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ ಉಳಿಯುವುದು 15 ನಿಮಿಷ, ಅಂದರೆ ಐದಾರು ಟ್ಯೂನ್. ಒಂದೊಂದು ಟ್ಯೂನೂ ಎರಡು ಮೂರು ನಿಮಿಷಕ್ಕೆ ಮುಗಿಯುತ್ತದೆ, ಆದರೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ತಕ್ಷಣ ಹೊರಡಬೇಡಿ. ವೇದಿಕೆ ಹತ್ತಿರ ಹೋಗಿ. ಕೇಬಲ್ ಎಲ್ಲ ಸುತ್ತಿಟ್ಟು, ಆಂಪ್ ಆರಿಸಿ, ಕೊನೆಗೆ ಯಾರಾದರೂ ಆ ಪೆಟ್ಟಿಗೆಯನ್ನು ಹಿಡಿಕೆ ಹಿಡಿದು ಎತ್ತುತ್ತಾರೆ. ಕರೆಂಟ್ ಇಲ್ಲ, ಸ್ಪೀಕರ್ ಇಲ್ಲ. ಆದರೂ ಅವರು ಮೆಟ್ಟಿಲಿಳಿಯುವಾಗ ಒಳಗಿಂದ ಸಣ್ಣಗೆ ಜಣಜಣ ಅಂತ ಕೇಳಿಸುತ್ತದೆ.